ಆಡಿ ಕಳೆದ ಮೇಲೆ

ಮೇಸ್ತ್ರಿ ತೀರಿಕೊಂಡ ಸುದ್ದಿಯನ್ನು ಫೋನಿನಲ್ಲಿ ಹೇಳಿದವನು ಅವರ ಕೈಕೆಳಗೆ ಹತ್ತು ವರ್ಷ ದುಡಿದ ಒಬ್ಬ ಕೆಲಸಗಾರ. ಹೇಗಾಯಿತು ಎಂದು ಕೇಳಿದೆ. "ಕಾತ್ತಾಡಿ ಏಣಿಯಲ್ಲಿ ಸಾರ್. ಅರ್ಧ ಹತ್ತಿದ್ರು. ಅಲ್ಲೇ ನೆಂಜು ಹಿಡ್ಕೊಂಡು ಕೂತ್ಬಿಟ್ರು. ಇಳಿಸೋಕೆ ನಮಗೆ ಒಂದು ಗಂಟೆ ಆಯ್ತು" ಎಂದ. ಕಾತ್ತಾಡಿ ಎಂದರೆ ಗಾಳಿಯಂತ್ರ, ನೆಂಜು ಎಂದರೆ ಎದೆ. ಆ ಕಡೆಯವರು ಹಾಗೆಯೇ ಕರೆಯುವುದು. ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಕೆಲಸ ಬಿಟ್ಟು ನಾಲ್ಕು ವರ್ಷವಾದ, ಅರವತ್ತು ದಾಟಿದ ಮನುಷ್ಯನಿಗೆ ಐವತ್ತು ಮೀಟರ್ ಎತ್ತರದ ಗೋಪುರದೊಳಗೆ ಏನು ಕೆಲಸವಿತ್ತು?

ಅವರ ಹೆಸರು ಬರೆಯುವುದಿಲ್ಲ. ಎಲ್ಲರಿಗೂ ಅವರು ಮೇಸ್ತ್ರಿ, ಕೈಕೆಳಗಿನವರಿಗೆ ಅಣ್ಣ. ಇಲ್ಲಿಯೂ ಅಷ್ಟೇ ಇರಲಿ. ಅವರ ಮನೆಯವರು ಇದನ್ನು ಓದಲಾರರು. ಮನೆಯಲ್ಲಿ ಮಾತಾಡುವುದು ಕನ್ನಡವೇ, ಆದರೆ ಅದರ ಅಕ್ಷರ ಯಾರಿಗೂ ಬಾರದು. ಆ ಧೈರ್ಯದ ಮೇಲೆಯೇ ಬರೆಯುತ್ತಿದ್ದೇನೆ ಎಂದರೂ ತಪ್ಪಿಲ್ಲ.

ಆಗ ನಾನು ಕೊಯಮತ್ತೂರಿನ ಆರ್.ಎಸ್. ಪುರಂನಲ್ಲಿ ಒಂದು ಕಂಪನಿಯ ಷೇರು ವಿಭಾಗದಲ್ಲಿದ್ದೆ. ವಿಭಾಗ ಎಂದರೆ ನಾನು, ಒಂದು ಕಬ್ಬಿಣದ ಬೀರು, ಮತ್ತು ನನ್ನ ತಲೆಯ ಮೇಲೆ ಕಂಪನಿ ಸೆಕ್ರೆಟರಿ. ನಮ್ಮ ಕಂಪನಿ ತಾನಾಗಿ ಒಂದು ಯೂನಿಟ್ ಕರೆಂಟನ್ನೂ ತಯಾರಿಸುತ್ತಿರಲಿಲ್ಲ. ಗಾಳಿಯಿಂದ ಕರೆಂಟು ತೆಗೆಯುವ ನಾಲ್ಕು ಸಣ್ಣ ಕಂಪನಿಗಳ ಷೇರುಗಳನ್ನು ಇಟ್ಟುಕೊಂಡು ಕೂತಿತ್ತು. ಅದಕ್ಕೆ ತಾಯಿ ಕಂಪನಿ ಎನ್ನುತ್ತಿದ್ದೆವು. ಮಕ್ಕಳು ಧಾರಾಪುರಂ ಆಚೆಯ ಬಯಲಿನಲ್ಲಿ ಬಿಸಿಲು ಗಾಳಿಗೆ ಮೈಯೊಡ್ಡಿ ದುಡಿಯುತ್ತಿದ್ದವು, ತಾಯಿ ಮಾತ್ರ ಎ.ಸಿ. ಕೋಣೆಯಲ್ಲಿ ಕೂತು ಉಣ್ಣುತ್ತಿದ್ದಳು. ಹೀಗೆಂದು ಒಮ್ಮೆ ನಾನು ತಮಾಷೆ ಮಾಡಿದಾಗ ಸೆಕ್ರೆಟರಿ ನಗಲಿಲ್ಲ.

ಆ ಬಯಲಿನ ಸೈಟಿನಲ್ಲಿ ಯಂತ್ರಗಳ ದುರಸ್ತಿ ನೋಡಿಕೊಳ್ಳುತ್ತಿದ್ದ ಮೇಸ್ತ್ರಿಯನ್ನು ಮೊದಲು ಕಂಡದ್ದು ಆ ಆಫೀಸಿನಲ್ಲೇ. ಊರಿಂದ ಅಮ್ಮನ ಫೋನು ಬಂದಿತ್ತು, ನಾನು ತಿಪಟೂರಿನ ಸುದ್ದಿಯನ್ನೆಲ್ಲ ಜೋರಾಗಿ ವಿಚಾರಿಸುತ್ತಿದ್ದೆ. ಗಾಜಿನ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಬ್ಬ ಎತ್ತರದ ಮನುಷ್ಯ ಒಳಗೆ ಬಂದು ನನ್ನ ಮೇಜಿನ ಮುಂದೆ ನಿಂತರು. ಚಪ್ಪಲಿ ಹಾಕಿಕೊಂಡೇ ಬರಬಹುದು ಎಂದು ರಿಸೆಪ್ಶನಿನ ಹುಡುಗಿ ಎರಡು ಸಲ ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಮಾತು ಮುಗಿಯುವವರೆಗೂ ಅಲ್ಲಾಡದೆ ನಿಂತಿದ್ದು, ನಾನು ಫೋನ್ ಇಟ್ಟ ಮೇಲೆ ಕೇಳಿದರು:

"ನೀವು ನಮ್ಮ ಮಾತು ಆಡ್ತೀರಾ ಸಾರ್?"

ಕನ್ನಡ ಎಂಬ ಹೆಸರನ್ನು ಅವರ ಬಾಯಿಂದ ನಾನು ಕೇಳಿದ್ದೇ ಕಡಿಮೆ. ಅವರಿಗೆ ಅದು ನಮ್ಮ ಮಾತು, ಅಷ್ಟೇ. ಎಷ್ಟು ತಲೆಮಾರಿನ ಹಿಂದೆ ಅವರ ಕಡೆಯವರು ಘಟ್ಟದ ಮೇಲಿನಿಂದ ಇಳಿದು ಬಂದರೆಂದು ಅವರಿಗೂ ಗೊತ್ತಿರಲಿಲ್ಲ. ಹೊಲದಲ್ಲಿ, ಶಾಲೆಯಲ್ಲಿ, ಬೀದಿಯಲ್ಲಿ ತಮಿಳು; ಹೊಸಿಲು ದಾಟಿ ಒಳಗೆ ಬಂದರೆ ಈ ಮಾತು. ಅದರಲ್ಲೂ ಅರ್ಧ ತಮಿಳು: ಹೇಳುವುದಕ್ಕೆ ಸೊಲ್ಲುವುದು, ಆಮೇಲೆ ಎನ್ನುವುದಕ್ಕೆ ಅಪ್ಪುರಂ, ರುಜುವಿಗೆ ಕೈಯೆಳುತ್ತು, ದುಡ್ಡಿಗೆ ಪಣ. ಆದರೆ ಆಫೀಸಿನಲ್ಲಿ, ಪ್ಯಾಂಟು ಹಾಕಿಕೊಂಡ ಒಬ್ಬ ಇಂಗ್ಲಿಷ್ ಬಲ್ಲವನು ಅದೇ ಮಾತಾಡುತ್ತಾನೆ ಎಂಬುದು ಅವರಿಗೆ ದೊಡ್ಡ ಸಂಗತಿಯಾಗಿಬಿಟ್ಟಿತು. ಎರಡನೇ ಭೇಟಿಗೆ ನಾನು ಸಾರ್ ಹೋಗಿ ತಂಬಿ, ಎಂದರೆ ತಮ್ಮ, ಆದೆ. ಮೂರನೇ ಸಲ ಬರುವಾಗ ಒಂದು ಕಟ್ಟು ನುಗ್ಗೇಕಾಯಿ ತಂದು ನನ್ನ ಫೈಲುಗಳ ಮೇಲೆಯೇ ಇಟ್ಟರು. ಬೇಡ ಎಂದದ್ದಕ್ಕೆ, "ಸುಮ್ಮಾ ಇರಿ ತಂಬಿ, ನಿಮ್ಮ ಹೋಟ್ಲು ಸಾಂಬಾರಲ್ಲಿ ಏನಿರುತ್ತೆ, ಕಾಯ್ಸಿದ ಚೂಡು ನೀರು" ಎಂದು ಗದರಿದರು.

ಅವರು ಸಾಧು ಮನುಷ್ಯರೇನಲ್ಲ. ಬಾಯಿ ಬಹಳ ಕೆಟ್ಟದ್ದು. ಒಮ್ಮೆ ನಾನು ಲೆಕ್ಕಪರಿಶೋಧಕರ ಜೊತೆ ಸೈಟಿಗೆ ಹೋಗಿದ್ದಾಗ, ಸೊಂಟದ ಬೆಲ್ಟು ಕಟ್ಟಿಕೊಳ್ಳದೆ ಏಣಿ ಹತ್ತಿದ ಒಬ್ಬನನ್ನು ಕೆಳಗಿಳಿಸಿ ನಮ್ಮೆದುರೇ ಕೆನ್ನೆಗೆ ಬಿಟ್ಟರು. ಅವನಿಗೆ ಮದುವೆಯಾಗಿ ಇಬ್ಬರು ಮಕ್ಕಳಿದ್ದರು. "ಇವನ ಹೆಂಡ್ತಿ ಮುಂದೆ ಹೋಗಿ ನಾನು ತಾನೇ ನಿಂತ್ಕೋಬೇಕು?" ಎಂದರು. ಆ ಹೊಡೆತ ತಿಂದವನು ಮಧ್ಯಾಹ್ನ ಅವರ ಪಕ್ಕದಲ್ಲೇ ಕೂತು ಬುತ್ತಿ ಬಿಚ್ಚಿದ. ಹೊಗಳುವುದೆಂಬುದು ಅವರಿಗೆ ಬಾರದು. ಕೆಲಸ ಚೆನ್ನಾಗಿ ಮಾಡಿದವನಿಗೆ ಅವತ್ತು ಬೈಗುಳವಿಲ್ಲ, ಅದೇ ಬಹುಮಾನ.

ಗೋಪುರದ ಉಕ್ಕಿಗೆ ಅಂಗೈ ಒತ್ತಿ, ಕಣ್ಣು ಮುಚ್ಚಿ ನಿಂತರೆ ಮೇಲಿರುವ ಗೇರ್‌ಬಾಕ್ಸಿನ ಆರೋಗ್ಯ ಅವರಿಗೆ ತಿಳಿಯುತ್ತಿತ್ತು. ಎಂಜಿನಿಯರುಗಳು ಕಂಪ್ಯೂಟರ್ ನೋಡಿ ಎಲ್ಲ ಸರಿಯಾಗಿದೆ ಎಂದ ಒಂದು ಯಂತ್ರವನ್ನು ಅವರು ಹಟ ಹಿಡಿದು ನಿಲ್ಲಿಸಿದರು. ಬಿಚ್ಚಿ ನೋಡಿದರೆ ಒಂದು ಬೇರಿಂಗು ಪುಡಿಯಾಗಿತ್ತು. ಎಂ.ಡಿ. ಮೆಚ್ಚಿ ಕೈಕುಲುಕಿದರು. ಸಂಬಳ ಮಾತ್ರ ಅಷ್ಟೇ ಉಳಿಯಿತು.

ಈಗ ಷೇರಿನ ವಿಷಯಕ್ಕೆ ಬರಬೇಕು. ನಾನು ಸೇರಿದ ವರ್ಷವೇ, ಕರೆಂಟು ಕೊಂಡವರು ದುಡ್ಡು ಕೊಡದೆ ಸತಾಯಿಸಿದ್ದರಿಂದ, ಕಂಪನಿಯ ಕೈ ಖಾಲಿಯಾಗಿತ್ತು. ದೀಪಾವಳಿ ಬೋನಸ್ಸಿಗೆ ದುಡ್ಡಿರಲಿಲ್ಲ. ಎಂ.ಡಿ. ಸ್ವತಃ ನನ್ನನ್ನೂ ಕರೆದುಕೊಂಡು ಸೈಟಿಗೆ ಹೋಗಿ, ಒಂದು ಶಾಮಿಯಾನ ಹಾಕಿಸಿ, ಬೋನಸ್ ಬದಲು ತಾಯಿ ಕಂಪನಿಯ ಷೇರು ಕೊಡುತ್ತೇವೆ ಎಂದರು. ಮೂರು ವರ್ಷ ಕೆಲಸ ಬಿಡದೆ ಇದ್ದರೆ ಷೇರು ಕೈಗೆ ಬರುತ್ತದೆ, ಆಮೇಲೆ ಪ್ರತಿ ವರ್ಷ ಲಾಭದಲ್ಲಿ ಪಾಲು. ಬೇಡ ಎನ್ನುವವರಿಗೆ ಬೋನಸ್ಸನ್ನು ಮೂರು ಕಂತಿನಲ್ಲಿ ಹೇಗೋ ಹೊಂದಿಸಿ ಕೊಡುತ್ತೇವೆ. ಒಂಬತ್ತು ಜನ ಕೆಲಸಗಾರರಿದ್ದರು. ಎಂ.ಡಿ. ಮಾತು ಮುಗಿಸಿದಾಗ ಒಬ್ಬರೂ ಅವರತ್ತ ನೋಡಲಿಲ್ಲ, ಎಲ್ಲರೂ ಮೇಸ್ತ್ರಿಯ ಮುಖ ನೋಡಿದರು.

ಮೇಸ್ತ್ರಿ ಎದ್ದು ನಿಂತು, ದೂರದಲ್ಲಿ ತಿರುಗುತ್ತಿದ್ದ ಯಂತ್ರಗಳ ಕಡೆ ಕೈ ತೋರಿಸಿದರು. "ಬೋನಸ್ ತಕೊಂಡ್ರೆ ತೈ ಪೊಂಗಲ್‌ವರೆಗೆ ಇರುತ್ತೆ. ಷೇರ್ ತಕೊಂಡ್ರೆ ಆ ಕಾತ್ತಾಡಿ ರೆಕ್ಕೆ ತುದಿಯಲ್ಲಿ ಒಂದು ಮೊಳ ನಮ್ಮದು. ಅದು ತಿರುಗೋವರೆಗೂ ನಮಗೆ ಬರುತ್ತೆ, ನಮ್ಮ ಮಕ್ಕಳಿಗೂ ಬರುತ್ತೆ. ನಾನು ಸೊಲ್ತೀನಿ, ತಕೊಳ್ಳಿ." ಒಬ್ಬ, ಯಾವ ಕಾತ್ತಾಡಿ ಅಣ್ಣಾ ಎಂದು ಕೇಳಿದ. ಎಲ್ಲರೂ ನಕ್ಕರು. ಮೇಸ್ತ್ರಿ ನಗದೆ ಒಂದನ್ನು ತೋರಿಸಿಬಿಟ್ಟರು. ಅಂದಿನಿಂದ ಆ ಯಂತ್ರವನ್ನು ಅವರೆಲ್ಲ ನಮ್ಮ ಕಾತ್ತಾಡಿ ಎಂದೇ ಕರೆದರು; ಅದಕ್ಕೆ ಎಣ್ಣೆ ಹಾಕುವ ಸರದಿಗೆ ಜಗಳವಾಡಿದರು. ತಾಯಿ ಕಂಪನಿಯ ಷೇರಿಗೂ ಒಂದು ಯಂತ್ರದ ರೆಕ್ಕೆಗೂ ಸಂಬಂಧವಿಲ್ಲ ಎಂದು ನಾನು ಹೇಳಬಹುದಿತ್ತು. ಅಷ್ಟು ಚಂದದ ಮಾತನ್ನು ಕೆಡಿಸುವುದು ಯಾಕೆ ಎಂದು ಸುಮ್ಮನಾದೆ.

ಮೂರು ವರ್ಷ ಕಳೆಯಿತು. ಒಬ್ಬನೂ ಕೆಲಸ ಬಿಡಲಿಲ್ಲ. ತಿರುಪ್ಪೂರಿನ ಬನಿಯನ್ ಕಂಪನಿಗಳು ಹೆಚ್ಚು ಸಂಬಳದ ಆಸೆ ತೋರಿಸಿ ಕರೆದರೂ ಅವರನ್ನು ತಡೆದದ್ದು ಮೇಸ್ತ್ರಿಯೇ.

ಷೇರು ಕೈಗೆ ಬರಬೇಕಾದರೆ ಒಂದು ಒಪ್ಪಿಗೆ ಪತ್ರಕ್ಕೆ ರುಜು ಹಾಕಿ, ಗೊತ್ತುಪಡಿಸಿದ ದಿನದೊಳಗೆ ನನ್ನ ಮೇಜಿಗೆ ತಲುಪಿಸಬೇಕಿತ್ತು. ತಲುಪದಿದ್ದರೆ ಹಕ್ಕು ಬಿದ್ದುಹೋಗುತ್ತದೆ. ಪತ್ರಗಳು ಇಂಗ್ಲಿಷಿನಲ್ಲಿದ್ದವು. ಜುಲೈ ತಿಂಗಳ ನಡುವಿನಲ್ಲಿ ಮೇಸ್ತ್ರಿಯೇ ಬಂದು ತಮ್ಮದೂ ಸೇರಿ ಹತ್ತು ಪತ್ರಗಳನ್ನು ಹಳದಿ ಬಟ್ಟೆಯ ಚೀಲಕ್ಕೆ ಹಾಕಿಕೊಂಡರು. ಮೂರು ವರ್ಷದಲ್ಲಿ ಅವರನ್ನು ಅಷ್ಟು ಖುಷಿಯಾಗಿ ನಾನು ನೋಡಿರಲಿಲ್ಲ. ಇಲ್ಲೇ ಒಂದು ರುಜು ಹಾಕಿಬಿಡಿ ಎಂದು ಪೆನ್ನು ಕೊಟ್ಟೆ. ಕೈ ಹಿಂದಕ್ಕೆಳೆದುಕೊಂಡರು.

"ಈಗ ಬೇಡ ತಂಬಿ. ಆಡಿ ಹುಟ್ಟಿ ಎರಡು ದಿನ ಆಗಿದೆ. ಹೊಸದಾಗಿ ಬರೋ ಸೊತ್ತು, ಈ ತಿಂಗಳಲ್ಲಿ ಕೈಯೆಳುತ್ತು ಹಾಕಿದ್ರೆ ನಿಲ್ಲೋದಿಲ್ಲ. ಆಡಿ ಕಳೆದ ಮೇಲೆ, ಒಳ್ಳೇ ನಾಳಲ್ಲಿ, ಹತ್ತು ಜನಾನೂ ಕೂರಿಸಿ ಹಾಕಿಸಿ ನಾನೇ ತರ್ತೀನಿ. ಆಗುತ್ತಾ?"

ನನ್ನ ಮೇಜಿನ ಹಿಂದೆ ಊರಿಂದ ತಂದ ಕ್ಯಾಲೆಂಡರಿತ್ತು. ತಿರುಗಿ ನೋಡಿದೆ. ನಮ್ಮ ಆಷಾಢ ಜುಲೈ ಕೊನೆಯ ಅಮಾವಾಸ್ಯೆಗೆ ಮುಗಿಯುತ್ತಿತ್ತು, ಮಾರನೇ ದಿನದಿಂದ ಶ್ರಾವಣ. ಪತ್ರದ ಕೊನೆಯ ದಿನ ಆಗಸ್ಟ್ ಎರಡನೇ ವಾರದ ಗುರುವಾರ. "ಧಾರಾಳವಾಗಿ ಆಗುತ್ತೆ. ಅದು ಮುಗಿದ ಮೇಲೂ ಒಂದು ವಾರಕ್ಕಿಂತ ಜಾಸ್ತಿ ಟೈಮಿರುತ್ತೆ, ಚಿಂತೆ ಬೇಡಿ" ಎಂದೆ.

ನಾವು ಅಮಾವಾಸ್ಯೆಯಿಂದ ತಿಂಗಳು ಎಣಿಸುತ್ತೇವೆ. ಅವರು ಸೂರ್ಯನಿಂದ ಎಣಿಸುತ್ತಾರೆ. ಅವರ ಆಡಿ ಆಗಸ್ಟ್ ನಡುವಿನವರೆಗೂ ಎಳೆಯುತ್ತದೆ. ನಮ್ಮ ಮಾತು ಆಡುವವರ ತಿಂಗಳೂ ನಮ್ಮದೇ ಎಂದು ನಾನು ತಿಳಿದಿದ್ದೆ. ನಮ್ಮ ಮಾತು ಆಡುವ ತಂಬಿಗೆ ನಮ್ಮ ಆಡಿ ಗೊತ್ತಿಲ್ಲದೆ ಇರುತ್ತದೆಯೇ ಎಂದು ಅವರು ತಿಳಿದಿದ್ದರು. ಗೊತ್ತಿರಲಿಲ್ಲ ಎಂದು ಇವತ್ತು ಹೇಳಿದರೆ ನನಗೇ ನಾಚಿಕೆಯಾಗುತ್ತದೆ. ಆ ದಿನಗಳಲ್ಲಿ ಆರ್.ಎಸ್. ಪುರಂನ ಒಂದೊಂದು ಬಟ್ಟೆ ಅಂಗಡಿಯ ಮುಂದೆಯೂ ಆಡಿ ರಿಯಾಯಿತಿಯ ಬ್ಯಾನರು ಬಾಗಿಲಗಲಕ್ಕೆ ತೂಗಾಡುತ್ತಿತ್ತು. ನಮ್ಮ ಅಮಾವಾಸ್ಯೆ ಕಳೆದು, ಶ್ರಾವಣ ಹುಟ್ಟಿದ ಮೇಲೆಯೂ ತೂಗಾಡುತ್ತಿತ್ತು. ಅದೇ ಅಂಗಡಿಯಲ್ಲಿ ಅಮ್ಮನಿಗೆ ಒಂದು ಸೀರೆಯನ್ನೂ ಕೊಂಡೆ.

ಪತ್ರದಲ್ಲಿ ಏನು ಬರೆದಿದೆ, ಧಾರಾಪುರಂನಲ್ಲಿ ಯಾರಾದರೂ ಇಂಗ್ಲಿಷ್ ಓದಿದವರಿಗೆ ತೋರಿಸೋಣ ಎಂದು ಒಂಬತ್ತು ಜನರಲ್ಲಿ ಒಬ್ಬ ಹೇಳಿದ್ದನಂತೆ. "ನಮ್ಮ ತಂಬಿ ಸೊಲ್ಲಿಯಾಗಿದೆ, ಅಪ್ಪುರಂ ಇನ್ನೊಬ್ಬನಿಗೆ ಯಾಕೆ ತೋರಿಸ್ಬೇಕು?" ಎಂದು ಮೇಸ್ತ್ರಿ ಅವನ ಬಾಯಿ ಮುಚ್ಚಿಸಿದರಂತೆ. ಇದು ನನಗೆ ಬಹಳ ತಡವಾಗಿ ತಿಳಿಯಿತು.

ಆ ಗುರುವಾರದ ಮಾರನೇ ದಿನ ವರಮಹಾಲಕ್ಷ್ಮಿ ಹಬ್ಬ. ಸಂಜೆಯ ಬಸ್ಸಿಗೆ ನಾನು ಊರಿಗೆ ಹೊರಡುವ ಗಡಿಬಿಡಿಯಲ್ಲಿದ್ದೆ. ಸೆಕ್ರೆಟರಿ ಪಟ್ಟಿ ತರಿಸಿ, ಸೈಟಿನವರದು ಎಲ್ಲಿ ಎಂದು ಕೇಳಿದರು. ಬಂದಿಲ್ಲ ಸಾರ್ ಎಂದೆ. ಒಂದು ಫೋನ್ ಮಾಡಬೇಕು ಎಂದು ಮನಸ್ಸಿಗೆ ಬಂತು. ಖಂಡಿತ ಬಂತು, ಬರಲಿಲ್ಲ ಎಂದು ಸುಳ್ಳು ಹೇಳಲಾರೆ. ಮೇಸ್ತ್ರಿಗೆ ಹೇಳಿ ಆಗಿದೆಯಲ್ಲ, ಅಷ್ಟು ಟೈಮಿದ್ದರೂ ತರದಿದ್ದರೆ ನಾನೇನು ಮಾಡಲಿ ಎಂದುಕೊಂಡೆ. ಹತ್ತು ಹೆಸರುಗಳ ಮುಂದೆ ಕೆಂಪು ಗೆರೆ ಎಳೆದು, ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟೆ. ಆಫೀಸಿನವರಿಗೂ ಅದೇ ಷೇರು ಇತ್ತು; ನನ್ನ ಪತ್ರಕ್ಕೆ ನಾನು ಮೊದಲ ದಿನವೇ ರುಜು ಹಾಕಿದ್ದೆ.

ಅವರು ಬಂದದ್ದು ಆಡಿ ಕಳೆದು ಆವಣಿ ತಿಂಗಳು ಹುಟ್ಟಿದ ಮೊದಲ ದಿನ, ಆಫೀಸು ತೆರೆಯುವ ಹೊತ್ತಿಗೆ ಸರಿಯಾಗಿ. ಇಸ್ತ್ರಿ ಮಾಡಿದ ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ. ಹಳದಿ ಚೀಲದಿಂದ ಹತ್ತು ಪತ್ರಗಳನ್ನು ತೆಗೆದು ಒಂದರ ಪಕ್ಕ ಒಂದು ಜೋಡಿಸಿದರು. ಪ್ರತಿಯೊಂದರ ನಾಲ್ಕು ಮೂಲೆಗೂ ಅರಿಶಿನ ಹಚ್ಚಿತ್ತು. ರುಜು ಬಾರದ ಇಬ್ಬರ ಹೆಬ್ಬೆಟ್ಟು ನೀಲಿಯಾಗಿ ಎದ್ದು ಕಾಣುತ್ತಿತ್ತು.

"ಎಲ್ಲಾ ಸರಿಯಾಗಿದೆಯಾ ನೋಡಿ ತಂಬಿ" ಎಂದರು.

ದಿನ ಕಳೆದುಹೋಗಿದೆ ಎಂದು ಹೇಗೋ ಹೇಳಿದೆ. ಅವರಿಗೆ ಮೊದಲು ಅರ್ಥವೇ ಆಗಲಿಲ್ಲ. ನಿನ್ನೆ ತಾನೇ ಆಡಿ ಮುಗಿಯಿತು, ಒಂದು ವಾರ ಇರುತ್ತದೆ ಎಂದು ನೀವು ತಾನೇ ಹೇಳಿದ್ದು ಎಂದು ನಗುತ್ತಲೇ ಕೇಳಿದರು. ನಾನು ಕ್ಯಾಲೆಂಡರಿನತ್ತ ತಿರುಗಿದೆ, ಆಗ ಹೊಳೆಯಿತು. ಅವರಿಗೂ ನನ್ನ ಮುಖ ನೋಡಿಯೇ ಹೊಳೆದಿರಬೇಕು. ಕೂಗಾಡಲಿಲ್ಲ. ಅಷ್ಟು ಬಾಯಿಯ ಮನುಷ್ಯ ಒಂದು ಬೈಗುಳವನ್ನೂ ಆಡಲಿಲ್ಲ.

"ಪರವಾಯಿಲ್ಲೆ ತಂಬಿ. ತಪ್ಪು ಯಾರಿಗೂ ಆಗುತ್ತೆ. ಒಳಗೆ ಬನ್ನಿ, ದಿನ ಸೊಲ್ಲಿದ್ದು ನೀವೇ ಅಂತ ನಿಮ್ಮ ಸೆಕ್ರೆಟರಿ ಮುಂದೆ ಒಂದು ಮಾತು ಹೇಳಿ. ಅಷ್ಟು ಸಾಕು. ಮಿಕ್ಕಿದ್ದು ನಾನು ಕಾಲು ಹಿಡಿದಾದ್ರೂ ಕೇಳ್ಕೋತೀನಿ."

ಒಳಗೆ ಹೋದೆವು. ಮೇಸ್ತ್ರಿ ಪತ್ರಗಳನ್ನು ಸೆಕ್ರೆಟರಿಯ ಮೇಜಿನ ಮೇಲಿಟ್ಟು, ತಮಿಳಿನಲ್ಲಿ ಎಲ್ಲವನ್ನೂ ಹೇಳಿದರು. ಸೆಕ್ರೆಟರಿ ಕನ್ನಡಕ ತೆಗೆದು ನನ್ನನ್ನು ನೋಡಿ, ನೀನು ಇವರಿಗೆ ಬೇರೆ ದಿನ ಹೇಳಿದ್ದೆಯಾ ಎಂದು ಕೇಳಿದರು. ಧ್ವನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಹೌದು ಎಂದಿದ್ದರೆ, ಆಫೀಸಿನ ತಪ್ಪು ಎಂದು ಬೋರ್ಡಿಗೆ ಒಂದು ಟಿಪ್ಪಣಿ ಹೋಗುತ್ತಿತ್ತು, ಹತ್ತು ಜನರ ಷೇರು ಬಹುಶಃ ಉಳಿಯುತ್ತಿತ್ತು. ಆ ತಿಂಗಳು ನನ್ನ ಬಡ್ತಿಯ ಕಾಗದ ಅದೇ ಮೇಜಿನ ಮೇಲಿತ್ತು.

"ದಿನ ಪತ್ರದಲ್ಲೇ ಇದೆ ಸಾರ್" ಎಂದೆ.

ಸುಳ್ಳಲ್ಲ. ಆರನೇ ಸಾಲಿನಲ್ಲಿ, ಇಂಗ್ಲಿಷಿನಲ್ಲಿ, ದಪ್ಪಕ್ಷರದಲ್ಲಿ ಇತ್ತು.

ಮೇಸ್ತ್ರಿ ನನ್ನತ್ತ ತಿರುಗಲಿಲ್ಲ. ಪತ್ರಗಳನ್ನು ಒಂದೊಂದಾಗಿ ಎತ್ತಿ, ಅಂಚು ಸರಿಮಾಡಿ, ಚೀಲಕ್ಕೆ ಹಾಕಿಕೊಂಡರು. ಬಾಗಿಲ ಹತ್ತಿರ ನಿಂತು, "ಬರ್ತೀನಿ ಸಾರ್" ಎಂದರು. ಅದು ನನಗೆ ಹೇಳಿದ್ದೋ ಸೆಕ್ರೆಟರಿಗೆ ಹೇಳಿದ್ದೋ ಎಂಬ ಅನುಮಾನ ನನಗೆ ಬೇಕಾಗಿತ್ತು, ಆದರೆ ಅವರು ನೋಡುತ್ತಿದ್ದದ್ದು ನನ್ನನ್ನೇ. ಅಲ್ಲಿಂದಾಚೆಗೆ ಅವರು ನನ್ನನ್ನು ತಂಬಿ ಎನ್ನಲಿಲ್ಲ.

ಬಿದ್ದುಹೋದ ಷೇರುಗಳು ಮಣ್ಣಾಗುವುದಿಲ್ಲ. ವಾಪಸು ಕಂಪನಿಯ ಪೆಟ್ಟಿಗೆಗೆ ಬರುತ್ತವೆ. ಮುಂದಿನ ವರ್ಷ ಅವನ್ನು ಆಫೀಸಿನವರಿಗೆ ಹಂಚಿದರು. ನನಗೂ ಒಂದಷ್ಟು ಬಂತು, ತೆಗೆದುಕೊಂಡೆ. ಅಷ್ಟರಲ್ಲಿ ಗಾಳಿ ಚೆನ್ನಾಗಿ ಬೀಸಿ, ಬಾಕಿಯೂ ವಸೂಲಾಗಿ, ತಾಯಿ ಕಂಪನಿ ಡಿವಿಡೆಂಡ್ ಕೊಡಲು ಶುರುಮಾಡಿತ್ತು. ಸೈಟಿನ ಕೆಲಸವನ್ನು ಒಂದು ಏಜೆನ್ಸಿಗೆ ವಹಿಸಿದರು. ಒಂಬತ್ತು ಜನ ಅದರ ಆಳುಗಳಾದರು. ಮೇಸ್ತ್ರಿಗೆ ಐವತ್ತೆಂಟು ತುಂಬಿತು. ಒಂದು ಶಾಲು, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಆ ಸಮಾರಂಭಕ್ಕೆ ನಾನು ಹೋಗಲಿಲ್ಲ, ಜ್ವರ ಎಂದೆ.

ಆಮೇಲೆ ಪ್ರತಿ ವರ್ಷ, ಕಂಪನಿಯ ವಾರ್ಷಿಕ ಸಭೆ ಮುಗಿದ ವಾರ, ಅವರ ಫೋನು ಬರುತ್ತಿತ್ತು. ಕುಶಲ ಕೇಳುತ್ತಿರಲಿಲ್ಲ. "ಸಾರ್, ಈ ವರ್ಷ ಷೇರಿಗೆ ಎಷ್ಟು ಹಾಕಿದ್ರು?" ಅಷ್ಟೇ ಪ್ರಶ್ನೆ. ನನ್ನನ್ನು ಚುಚ್ಚುವುದಕ್ಕೇ ಕೇಳುತ್ತಾರೆ ಎಂದು ನನಗೆ ಖಾತ್ರಿಯಾಗಿತ್ತು. ಮೊತ್ತ ಹೇಳುತ್ತಿದ್ದೆ. ಅವರು ಇನ್ನೊಮ್ಮೆ ಹೇಳಿಸಿಕೊಂಡು, ಸರಿ ಸಾರ್ ಎಂದು ಇಟ್ಟುಬಿಡುತ್ತಿದ್ದರು. ನಾಲ್ಕನೇ ವರ್ಷ ಅವರ ನಂಬರು ನೋಡಿ ನಾನು ಫೋನು ಎತ್ತಲೇ ಇಲ್ಲ. ಮೂರು ದಿನ ಬಿಡದೆ ಮಾಡಿದರು. ಕೊನೆಗೆ ಎತ್ತಿ ಸಿಡುಕಿದೆ: ಇನ್ನು ಎಷ್ಟು ವರ್ಷ ಇದನ್ನೇ ಕೇಳುತ್ತೀರಿ? ಆ ಕಡೆ ಗಾಳಿಯ ಸದ್ದು ಜೋರಾಗಿತ್ತು. "ಕೋಪ ಬೇಡಿ ಸಾರ್. ಎಷ್ಟು ಅಂತ ಮಾತ್ರ ಹೇಳಿ" ಎಂದರು. ಹೇಳಿದೆ. ಅದೇ ನಾವು ಆಡಿದ ಕೊನೆಯ ಮಾತು.

ಸುದ್ದಿ ತಿಳಿದ ದಿನ ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂಗಳದಲ್ಲಿ ನೀರು ಚೆಲ್ಲಿ ತೊಳೆದಿದ್ದರು. ಅವರ ಹೆಂಡತಿಯನ್ನು ನಾನು ಮೊದಲ ಸಲ ನೋಡಿದ್ದು ಅವತ್ತು. ಹೆಸರು ಹೇಳಿಕೊಂಡ ಕೂಡಲೇ, "ಆಫೀಸ್ ಸಾರ್ ತಾನೇ, ಗೊತ್ತು" ಎಂದರು. ಈ ವಯಸ್ಸಿನಲ್ಲಿ ಯಾಕಮ್ಮಾ ಏಣಿ ಹತ್ತೋದಕ್ಕೆ ಬಿಟ್ಟಿರಿ ಎಂದು ಕೇಳಿದೆ. ಆ ಸಿಟ್ಟು ಇನ್ನೂ ನನ್ನಲ್ಲಿತ್ತು.

"ನಾನು ಬಿಡೋದು ಏನು? ಕೇಳ್ತಾರಾ?" ಎಂದರು. "ಸಣ್ಣ ಸಣ್ಣ ಕಾತ್ತಾಡಿ ಓನರ್‌ಗಳು ಕೂಗೋರು. ಒಂದು ಸಾರಿ ಹತ್ತಿ ಇಳಿದ್ರೆ ಮುನ್ನೂರು ರೂಪಾಯಿ. ವರ್ಷಾ ಪೂರ್ತಿ ಅದನ್ನ ಸೇರ್ಸೋರು. ಅಪ್ಪುರಂ ನಿಮಗೆ ಫೋನ್ ಮಾಡಿ, ಕಂಪನಿ ಎಷ್ಟು ಕೊಡ್ತು ಅಂತ ಕೇಳಿ, ಅದೇ ಲೆಕ್ಕಕ್ಕೆ ಒಂಬತ್ತು ಕವರ್ ಮಾಡಿ, ಒಂಬತ್ತು ಮನೆಗೂ ಕಂಪನಿ ಪಣ ಅಂತ ಕೊಟ್ಟು ಬರೋರು. ಪತ್ರ ಲೇಟಾಗಿ ಪೋಯಿತ್ತು ಅಂತ ಒಬ್ಬರಿಗೂ ಸೊಲ್ಲಿಲ್ಲ. ನನ್ನ ಮುಖ ನೋಡಿ ಬೋನಸ್ ಬಿಟ್ಟೋರು, ಅವರಿಗೆ ಇಲ್ಲ ಅಂತ ಹೇಗೆ ಸೊಲ್ಲೋದು ಅಂತ ಒಂದೇ ಹಟ."

ಅವರು ಮುಂದುವರಿಸಿದರು. "ನಿಮ್ಮ ಹೆಸರೂ ಯಾರ ಹತ್ರಾನೂ ಎತ್ತಿಲ್ಲ. ನನಗೆ ಮಾತ್ರ ಸೊಲ್ಲಿದ್ರು, ಸಿಕ್ಕಾಪಟ್ಟೆ ಕುಡಿದ ಒಂದು ದಿನ."

ಚಪ್ಪರದ ಗಳು ಹಿಡಿದು ನಿಂತೆ. ಆಗ ಬೇಲಿಯ ಬಳಿ ಕೂತಿದ್ದವರಲ್ಲಿ ಒಬ್ಬ ಎದ್ದು ಬಂದ. ಹಿಂದೆ ನನ್ನೆದುರೇ ಕೆನ್ನೆಗೆ ಹೊಡೆತ ತಿಂದಿದ್ದವನು ಅವನೇ, ತಲೆ ನರೆತಿತ್ತು. ಅವನ ಹಿಂದೆ ಉಳಿದ ಎಂಟು ಜನವೂ ಬಂದು ನಿಂತರು. ಅವನು ಹೆಗಲ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಸಾರ್, ನಮಗೆ ವರ್ಷ ತಪ್ಪದೆ ಬರ್ತಾ ಇದೆ, ನಮ್ಮ ವಿಷಯ ಬಿಡಿ. ಅಣ್ಣ ಪೋಯಿಟ್ಟಾರೆ ಅಂತ ಅಣ್ಣನ ಷೇರ್ ಪಣ ಕಂಪನಿ ನಿಲ್ಸಬಾರದು. ಅಕ್ಕನ ಹೆಸರಿಗೆ ಬರೋ ಹಾಗೆ ನೀವು ಮಾಡಿಕೊಡಬೇಕು. ಏನು ಪಾರಂ ಬೇಕೋ ಕೊಡಿ, ನಾವು ಒಂಬತ್ತು ಜನ ಸಾಕ್ಷಿ ಕೈಯೆಳುತ್ತು ಹಾಕ್ತೀವಿ. ಆಗುತ್ತಾ ಸಾರ್?"

ಮೇಸ್ತ್ರಿಯ ಹೆಂಡತಿ ಪಕ್ಕದಲ್ಲೇ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಆಗುತ್ತೆ" ಎಂದೆ.

ಅವರು ಸೆರಗು ಎಳೆದುಕೊಂಡು ಮನೆಯೊಳಗೆ ಹೋದರು.